ಬೆಲ್ಲಿಯ ಕಿವಿ ತೊಳೆಸಿದ್ದು

ನಮ್ಮೂರಲ್ಲಿ ಬೆಕ್ಕಿನ ಕಿವಿಗೆ ಹೇಳಿದ ಮಾತು ಹೇಳಿದವರ ತಲೆಯಿಂದ ಹೋಗಿಬಿಡುತ್ತದೆ. ಚೂರೂ ಉಳಿಯುವುದಿಲ್ಲ. ಸಂಕಟವಾಗಲಿ, ನಾಚಿಕೆಯಾಗಲಿ, ಯಾರ ಮೇಲಿನ ಹೊಟ್ಟೆಕಿಚ್ಚೇ ಆಗಲಿ, ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಕಿವಿಯ ಹತ್ತಿರ ಬಾಯಿಟ್ಟು ಹೇಳಿಬಿಟ್ಟರೆ ಮುಗಿಯಿತು. ಎದ್ದು ನಿಂತಾಗ ಅದು ನಿಮ್ಮ ಹತ್ತಿರ ಇರುವುದಿಲ್ಲ, ಬೆಕ್ಕಿನ ಹತ್ತಿರ ಇರುತ್ತದೆ. ಬೇರೆ ಊರುಗಳಲ್ಲಿ ಜನ ಇದಕ್ಕೆಲ್ಲ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತಾರಂತೆ, ಪಾಪ.

ಹೀಗಿರುವುದರಿಂದ ನಮ್ಮಲ್ಲಿ ಕೆಲವು ಮರ್ಯಾದೆಗಳಿವೆ. ಯಾರಾದರೂ ಬೆಕ್ಕನ್ನು ಎತ್ತಿಕೊಂಡು ಮೂಲೆಗೆ ಹೋದರೆ ಉಳಿದವರು ಏನಾದರೊಂದು ನೆಪ ಹುಡುಕಿಕೊಂಡು ಅಂಗಳಕ್ಕೆ ಹೋಗಬೇಕು. ಹಗುರವಾದ ಮುಖ ಹೊತ್ತು ಎದ್ದು ಬಂದವರನ್ನು ಏನು ಹೇಳಿದಿರಿ ಎಂದು ಕೇಳಬಾರದು. ಕೇಳಿದರೂ ಅವರಿಗೆ ಗೊತ್ತಿರುವುದಿಲ್ಲ, ಸುಮ್ಮನೆ ಪೇಚಾಡುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳನ್ನು ಬೆಕ್ಕಿನ ಪಕ್ಕ ಕೂತು ಓದಲು ಬಿಡಬಾರದು. ಕೆಳಗಿನ ಬೀದಿಯ ಒಂದು ಹುಡುಗಿ ಬೆಕ್ಕನ್ನು ಮಡಿಲಲ್ಲಿ ಮಲಗಿಸಿಕೊಂಡು ಹನ್ನೆರಡರ ಮಗ್ಗಿ ಬಾಯಿಪಾಠ ಮಾಡಿ, ಇವತ್ತಿನವರೆಗೂ ಹನ್ನೊಂದರಿಂದ ನೇರ ಹದಿಮೂರಕ್ಕೆ ಹೋಗುತ್ತಾಳೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿದೆ: ಬೆಕ್ಕಿನ ಕಿವಿಯೊಳಗೆ ಇಣುಕಬಾರದು, ಊದಬಾರದು, ಬಟ್ಟೆ ಗಿಟ್ಟೆ ಹಾಕಿ ಶುಚಿ ಮಾಡಬಾರದು. ಒಳಗಿದ್ದದ್ದು ಹೊರಗೆ ಬಂದರೆ ಹೇಳಿದವರಿಗೇ ವಾಪಸ್ಸು ಹೋಗುತ್ತದೆ. ಹಿಂದೆ ಯಾರದೋ ಮನೆಯ ಬೆಕ್ಕು ಕೆರೆಗೆ ಬಿದ್ದು ಕಿವಿಗೆ ನೀರು ಹೊಕ್ಕು, ಆ ಮನೆಯ ಅಣ್ಣತಮ್ಮಂದಿರೆಲ್ಲ ಅವತ್ತು ಸಂಜೆಯೇ ಬೇರೆ ಬೇರೆ ಒಲೆ ಹೂಡಿದರಂತೆ.

ಇನ್ನು ನಮ್ಮ ಮನೆ. ನಾನು ಇಂದ್ರಮ್ಮ, ರವಿಕೆ ಹೊಲಿಯುವವಳು. ಮದುವೆಯ ಗೊಡವೆಗೆ ಹೋಗಲಿಲ್ಲ. ಊರಿನ ಹೆಂಗಸರ ಅಳತೆಯೆಲ್ಲ ನನ್ನ ಬಾಯಲ್ಲಿರುವುದರಿಂದ ಯಾರೂ ನನ್ನ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ. ನಮ್ಮಣ್ಣ ಚಲುವಯ್ಯ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾನೆ. ಊದುವಾಗ ಬಿಟ್ಟರೆ ಅವನ ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಅತ್ತಿಗೆ ಸರಸು ಒಳ್ಳೆಯವಳು, ಕೈ ಚುರುಕು, ಮಾತು ಮೆತ್ತಗೆ. ಅವ್ವ ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತು ಅತ್ತಿಗೆಯ ಅಡುಗೆಯಲ್ಲಿ ತಪ್ಪು ಹುಡುಕುತ್ತಾಳೆ. ಅದು ಅವಳಿಗೆ ಕಾಲಕ್ಷೇಪ. ನಮ್ಮ ಬೆಕ್ಕು ಬೆಲ್ಲಿ. ಬೆಲ್ಲದ ಬಣ್ಣ, ಅದಕ್ಕೇ ಆ ಹೆಸರು. ಅತ್ತಿಗೆ ಮದುವೆಯಾಗಿ ಬಂದ ವರ್ಷ ಹಿತ್ತಲಿನ ಸೌದೆ ರಾಶಿಯ ಸಂದಿಯಲ್ಲಿ ಸಿಕ್ಕ ಮರಿ. ತಾಯಿ ಬಿಟ್ಟು ಹೋಗಿತ್ತು. ಅತ್ತಿಗೆ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿದಳು.

ಅಣ್ಣ ಅತ್ತಿಗೆ ಜಗಳವಾಡಿದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ. ಹೊಸದಾಗಿ ಮದುವೆಯಾದವರಿಗೆ ಹಿರಿಯರು ನಮ್ಮ ಮನೆಯನ್ನು ತೋರಿಸಿ, ಇರೋದಾದ್ರೆ ಹಂಗಿರ್ಬೇಕು ಎನ್ನುತ್ತಿದ್ದರು. ಅದರ ಪುಣ್ಯವೆಲ್ಲ ಬೆಲ್ಲಿಯದು ಎಂದು ನನಗೆ ಗೊತ್ತಿತ್ತು. ಮೂಲೆಗೆ ಒಂದು ಸಲ ಅಣ್ಣ ಹೋಗುತ್ತಿದ್ದ, ಒಂದು ಸಲ ಅತ್ತಿಗೆ ಹೋಗುತ್ತಿದ್ದಳು. ಅವರಿಬ್ಬರಿಗಾಗಿ ಅಂಗಳಕ್ಕೆ ಹೋಗಿ ಹೋಗಿ ನಮ್ಮ ತುಳಸಿ ಗಿಡದ ಒಂದೊಂದು ಎಲೆಯೂ ನನಗೆ ಪರಿಚಯ.

ಹೀಗಿರುವಾಗ ಬೆಲ್ಲಿ ಕಿವಿ ಕೆರೆದುಕೊಳ್ಳಲು ಶುರುಮಾಡಿತು.

ಮೊದಮೊದಲು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬೆಕ್ಕೆಂದ ಮೇಲೆ ಕೆರೆದುಕೊಳ್ಳುತ್ತದೆ. ಆಮೇಲೆ ಅದು ಹೆಚ್ಚಾಯಿತು. ಹಾಲು ಕುಡಿಯುವುದನ್ನು ಅರ್ಧಕ್ಕೆ ಬಿಟ್ಟು ಹಿಂಗಾಲೆತ್ತಿ ಕರಕರ ಕೆರೆಯುವುದು, ತಲೆಯನ್ನು ಪಟಪಟ ಒದರುವುದು, ಗೋಡೆಗೆ ಕಿವಿ ಉಜ್ಜುವುದು. ಕಿವಿಯ ಹಿಂದಿನ ಕೂದಲೆಲ್ಲ ಉದುರಿ ಅಲ್ಲಿ ಚರ್ಮ ಕಾಣತೊಡಗಿತು. ಕೆರೆದ ಕಡೆ ಗಾಯ, ಗಾಯದ ಮೇಲೆ ಹಕ್ಕಳೆ. ಕೂತಲ್ಲೆಲ್ಲ ಬೆಲ್ಲದ ಬಣ್ಣದ ಕೂದಲು ಬೀಳುತ್ತಿತ್ತು. ನಾನು ಹೊಲಿಯುತ್ತಿದ್ದ ಒಂದು ಬಿಳಿ ರವಿಕೆಯ ತೋಳಿಗೆ ಅಂಟಿಕೊಂಡು ಹೋಗಿ, ಉಟ್ಟವಳು ಮದುವೆ ಮನೆಯಲ್ಲಿ ಇಡೀ ದಿನ ಕಂಕುಳು ಕೆರೆದುಕೊಂಡಳಂತೆ.

ಊರಿಗೆ ಗೊತ್ತಾಗಲು ಎಷ್ಟು ಹೊತ್ತು? ಬೆಕ್ಕಿಗೆ ಕಿವಿ ಕಡಿತ ಹತ್ತಿ ಕೂದಲು ಉದುರಿತೆಂದರೆ ಅದಕ್ಕೆ ಹೊರಲಾರದಂಥದ್ದನ್ನು ಯಾರೋ ಹೇಳಿದ್ದಾರೆ ಎಂದೇ ನಮ್ಮವರ ಲೆಕ್ಕ. ಸಣ್ಣಪುಟ್ಟ ಹೊಟ್ಟೆಕಿಚ್ಚಿಗೆಲ್ಲ ಕೂದಲು ಉದುರುವುದಿಲ್ಲ. ನೀರಿಗೆ ಬಂದ ಹೆಂಗಸರು ನಮ್ಮ ಜಗಲಿಯ ಕಡೆ ನೋಡಿ ಬಿಂದಿಗೆಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತಿದ್ದರು. ಅಂಥದ್ದೇನು ಮಾಡಿದ್ದಾರೋ ಈ ಮನೆಯವರು ಎಂದು ಅವರ ಬಾಯಿ ಹೇಳದಿದ್ದರೂ ಕಣ್ಣು ಹೇಳುತ್ತಿತ್ತು.

ಇಲ್ಲಿ ಒಂದು ತೊಂದರೆಯಿತ್ತು. ಏನು ಹೇಳಿದೆವೆಂಬುದು ಹೇಳಿದವರಿಗೇ ನೆನಪಿರುವುದಿಲ್ಲವಲ್ಲ! ಕಳ್ಳನಿಗಾದರೆ ತಾನು ಕದ್ದದ್ದು ಗೊತ್ತಿರುತ್ತದೆ. ನಮಗೆ ಅದೂ ಇಲ್ಲ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡುವುದು, ಆಮೇಲೆ ಒಳಗೆ ಹೋಗಿ ಕನ್ನಡಿಯಲ್ಲಿ ತಮ್ಮ ತಮ್ಮ ಮುಖ ನೋಡಿಕೊಳ್ಳುವುದು.

"ಲೇ ಇಂದ್ರಿ, ನೀನೇನಾದ್ರೂ ಮಾಡ್ಕೊಂಡಿದೀಯೇನೆ?" ಎಂದು ಅವ್ವ ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು.

"ನಂಗೇನು ಗೊತ್ತವ್ವ? ಮಾಡ್ಕೊಂಡಿದ್ರೆ ಬೆಲ್ಲಿಗೆ ಗೊತ್ತಿರುತ್ತೆ."

"ಮಾಡ್ಕೊಂಡಿದ್ರೆ ಒಳ್ಳೇ ಮನೆತನದೋನ ಜೊತೆ ತಾನೆ?" ಎಂದಳು. ಅವಳ ದನಿಯಲ್ಲಿ ಒಂದಿಷ್ಟು ಆಸೆಯಿತ್ತೆಂದು ನನಗೆ ಈಗಲೂ ಅನುಮಾನ.

ಅಣ್ಣನ ಪಾಡಂತೂ ಹೇಳತೀರದು. ಹುಟ್ಟಾ ಹೆದರುಪುಕ್ಕಲ. ತಾನು ಯಾರನ್ನೋ ಕೊಂದುಬಿಟ್ಟಿದ್ದೇನೆ ಎಂದೇ ಅವನು ತೀರ್ಮಾನಕ್ಕೆ ಬಂದ. ಒಂದು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು ಪೊಲೀಸ್ ಠಾಣೆಗೆ ಹೋಗಿ, ಊರಲ್ಲಿ ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ಕೈಮುಗಿದು ಕೇಳಿದ. ದಫೇದಾರರು ನಮ್ಮೂರಿನವರೇ, ಬೆಕ್ಕಿನ ವಿಷಯ ಬಲ್ಲವರು. ಅವನನ್ನು ಕೂರಿಸಿ ಚಹ ತರಿಸಿಕೊಟ್ಟು, "ಕೊಲೆ ಗಿಲೆ ಏನೂ ಇಲ್ಲ ಕಣಪ್ಪ ಚಲುವಯ್ಯ. ಒಂದು ಸೈಕಲ್ ಕಳುವಾಗಿದೆ. ಬೇಕಾದ್ರೆ ಅದನ್ನ ಒಪ್ಕೊ, ನಮ್ಗೂ ಒಂದು ಕೇಸು ಮುಗೀತದೆ" ಅಂದರಂತೆ. ಇವನು ಒಪ್ಪಿಕೊಂಡೂ ಬಿಡುತ್ತಿದ್ದ. ಸೈಕಲ್ ಹೊಡೆಯಲು ಬರುವುದಿಲ್ಲವೆಂಬುದು ಸಮಯಕ್ಕೆ ನೆನಪಾಗಿ ಉಳಿದುಕೊಂಡ.

ಆದರೆ ನಿಜವಾದ ಭಯ ಇದ್ದದ್ದು ಅತ್ತಿಗೆಗೆ. ಒಂದು ಮಧ್ಯಾಹ್ನ ನನ್ನ ಹೊಲಿಗೆ ಮಷೀನಿನ ಪಕ್ಕ ಬಂದು ಕೂತಳು. ಬೆಲ್ಲಿ ಅವಳ ಮಡಿಲಲ್ಲಿ ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಮಲಗಿತ್ತು.

"ಇಂದ್ರಿ, ಇದು ನಂದೇ ಇರ್ಬೇಕು."

"ಏನು?"

"ಇದಕ್ಕೆ ಭಾರ ಆಗಿರೋದು. ನಿಮ್ಮಣ್ಣನ್ನ ನೋಡಿದಾಗ ಒಂದೊಂದು ಸಲ ಸುಮ್ ಸುಮ್ನೆ ಪಾಪ ಅನ್ಸುತ್ತೆ ಕಣೆ. ಅವರೇನೂ ಮಾಡಿರಲ್ಲ, ಸುಮ್ನೆ ಮೊಸರನ್ನ ತಿಂತಾ ಕೂತಿರ್ತಾರೆ, ನಂಗೆ ಅಳು ಬಂದುಬಿಡುತ್ತೆ. ಏನೋ ದೊಡ್ಡ ಅನ್ಯಾಯ ಮಾಡಿದೀನಿ ಅವರಿಗೆ. ಏನು ಅಂತ ಮಾತ್ರ ಗೊತ್ತಿಲ್ಲ."

ನಾನು ಏನೋ ತಮಾಷೆ ಮಾಡಲು ಹೋಗಿ ಬಾಯಿ ಮುಚ್ಚಿಕೊಂಡೆ. ಅವಳ ಮುಖ ಹಾಗಿತ್ತು. ನನಗೆ ಇನ್ನೊಂದೂ ಗೊತ್ತಿತ್ತು. ಅಣ್ಣನೂ ಹಾಗೆಯೇ. ಯಾವ ಊರಿಗೆ ಮದುವೆಗೆ ಊದಲು ಹೋದರೂ ಬರುವಾಗ ಅತ್ತಿಗೆಗೆ ಹೂವು ತರುತ್ತಾನೆ, ತಂದು ತಪ್ಪು ಮಾಡಿದವನಂತೆ ಕಿಟಕಿಯ ಮೇಲೆ ಇಟ್ಟು ಹೋಗುತ್ತಾನೆ. ಪ್ರೀತಿಯಿಂದ ತರುವ ಗಂಡಸು ಕೈಗೆ ಕೊಡುತ್ತಾನೆ.

ಬೆಲ್ಲಿಗೆ ಏನೇನು ಮದ್ದು ಮಾಡಿದೆವು! ಕಿವಿಯ ಹೊರಗಷ್ಟೇ ಬೇವಿನೆಣ್ಣೆ ಸವರಿದೆವು. ಅದು ನೆಕ್ಕಿ ವಾಂತಿ ಮಾಡಿಕೊಂಡಿತು. ಅರಿಸಿನ ಹಚ್ಚಿದೆವು, ಮನೆಯ ಗೋಡೆಗೆಲ್ಲ ಅರಿಸಿನ ಬಳಿದು ಮದುವೆ ಮನೆಯಂತೆ ಮಾಡಿತು. ಭಾರ ಕಡಿಮೆಯಾಗಬೇಕಾದರೆ ಅದರ ಕಿವಿಗೆ ಸಂತೋಷದ ಸುದ್ದಿ ಹೇಳಬೇಕೆಂದು ಯಾರೋ ಅಂದರು. ಅವ್ವ ಬೆಲ್ಲಿಯನ್ನು ಮುಂದೆ ಕೂರಿಸಿಕೊಂಡು, ತನ್ನ ಜೀವನದ ಸಂತೋಷದ ಸಂಗತಿಗಳನ್ನೆಲ್ಲ ಹೇಳತೊಡಗಿದಳು. ಒಂದೆರಡು ಹೇಳುವುದರೊಳಗೆ ತನ್ನ ತಂಗಿಯ ಮದುವೆಯ ಊಟವನ್ನು ಪೂರಾ ಮರೆತು ಗಾಬರಿಯಾಗಿ ನಿಲ್ಲಿಸಿದಳು. ಅಣ್ಣ ದೂರ ಕೂತು ಕ್ಲಾರಿನೆಟ್ಟಿನಲ್ಲಿ ಹರ್ಷದ ಹಾಡುಗಳನ್ನು ಊದಿದ. ಬೆಲ್ಲಿ ಅಟ್ಟ ಹತ್ತಿ ಕೂತಿತು, ಇಳಿಸಲು ಏಣಿ ತರಬೇಕಾಯಿತು.

ಅದು ಹಾಲು ಮುಟ್ಟುವುದನ್ನೂ ಬಿಟ್ಟಾಗ ಅತ್ತಿಗೆ ಯಾರನ್ನೂ ಕೇಳಲಿಲ್ಲ. ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ, ಬೆಲ್ಲಿಯನ್ನು ಮಲಗಿಸಿ, ದನದ ಆಸ್ಪತ್ರೆಗೆ ಹೊರಟಳು. ನಾನು ಕತ್ತರಿ ಕೆಳಗಿಟ್ಟು ಹಿಂದೆ ಓಡಿದೆ.

ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ಪ್ರೆಸಿಲ್ಲಾ ಎಂದು, ಕರಾವಳಿಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಅವರು ಬಂದಾಗಿನಿಂದ ಒಂದು ಬೆಕ್ಕೂ ಆ ಬಾಗಿಲು ತುಳಿದಿರಲಿಲ್ಲ. ನಮ್ಮನ್ನು ಕಂಡು ಖುಷಿಯಾಗಿ ಬೆಲ್ಲಿಯನ್ನು ಮೇಜಿನ ಮೇಲಿಟ್ಟು, ಏನು ಎತ್ತ ಎನ್ನುವುದರೊಳಗೆ ಸಣ್ಣ ಟಾರ್ಚು ಹಿಡಿದು ಕಿವಿಯೊಳಗೆ ಇಣುಕಿಯೇಬಿಟ್ಟರು. ಅತ್ತಿಗೆ ಕಿಟ್ಟನೆ ಕಿರುಚಿ ಕಣ್ಣು ಮುಚ್ಚಿಕೊಂಡಳು. ನಾನು ಗೋಡೆಯ ಕಡೆ ತಿರುಗಿದೆ. ಬೇರೆಯವರ ಬಚ್ಚಲಿಗೆ ಹಣಕಿದಂತಾಯಿತು.

"ಯಾಕೆ, ಏನಾಯ್ತು?" ಎಂದರು ಡಾಕ್ಟರು. "ನೋಡಿ ಇಲ್ಲಿ, ಒಳಗೆಲ್ಲ ಕಾಫಿ ಪುಡಿ ತುಂಬಿದ ಹಾಗೆ ಕಪ್ಪು ಕೊಳೆ. ಇದು ಕಿವಿ ಹುಳ. ಕಣ್ಣಿಗೂ ಕಾಣದಷ್ಟು ಸಣ್ಣ ಹುಳ, ಒಂದು ಬೆಕ್ಕಿಂದ ಇನ್ನೊಂದಕ್ಕೆ ಹತ್ತುತ್ತೆ. ಅದರ ಕಡಿತಕ್ಕೆ ಕೆರೆದೂ ಕೆರೆದೂ ಕೂದಲು ಹೋಗಿದೆ."

"ಹುಳಾನ?" ಎಂದಳು ಅತ್ತಿಗೆ. "ಮಾತಲ್ವಾ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ನಮ್ಮೂರಿನ ವಿಷಯವನ್ನು ಒಂದಿಷ್ಟು ಬಿಡಿಸಿ ಹೇಳಿದೆ. ಅವರು ನನ್ನನ್ನೊಮ್ಮೆ ಅತ್ತಿಗೆಯನ್ನೊಮ್ಮೆ ನೋಡಿ, ಕೊನೆಗೆ ಮರ್ಯಾದಸ್ಥರಂತೆ, "ಅದೆಲ್ಲ ಇರ್ಬಹುದು. ಹುಳವಂತೂ ಇದೆ" ಎಂದರು.

"ಔಷಧಿ ಕೊಡಿ ಡಾಕ್ಟ್ರೆ, ಹಾಕ್ತೀವಿ."

"ಕೊಡ್ತೇನೆ. ಆದ್ರೆ ಮೊದಲು ಕಿವಿ ತೊಳೆದು ಆ ಕೊಳೆ ಪೂರಾ ತೆಗೀಬೇಕು. ಅದರ ಮೇಲೆ ಔಷಧಿ ಬಿಟ್ರೆ ಕೆಳಗೆ ಇಳಿಯೋದೇ ಇಲ್ಲ. ಹೀಗೇ ಬಿಟ್ರೆ ಕೀವಾಗಿ ಒಳಗೆ ಹೋಗುತ್ತೆ. ಆಗಲೇ ತಲೆ ವಾಲಿಸ್ತಾ ಇದೆ ನೋಡಿ. ಊಟ ಬಿಟ್ಟಿದೆ. ತಡ ಮಾಡಿದ್ರೆ ಉಳಿಯೋದು ಕಷ್ಟ."

ಅತ್ತಿಗೆ ಬುಟ್ಟಿ ಎತ್ತಿಕೊಂಡಳು. ನಾಳೆ ಹೇಳ್ತೀವಿ ಎಂದಳು. ಬುಟ್ಟಿಯನ್ನು ಎದೆಗವಚಿಕೊಂಡು ಮನೆಯ ಕಡೆ ಬಿರಬಿರನೆ ನಡೆದಳು. ನನಗಂತೂ ಮೊದಲು ಬಂದದ್ದು ಸಮಾಧಾನ: ಹುಳ ಅಂದಮೇಲೆ ನಮ್ಮ ಮನೆಯಲ್ಲಿ ಯಾರೂ ಕೊಲೆಗಾರರಲ್ಲ! ಎರಡು ಹೆಜ್ಜೆ ಹೋದಮೇಲೆ ಉಳಿದದ್ದು ಹೊಳೆಯಿತು. ಬೆಲ್ಲಿ ಬದುಕಬೇಕಾದರೆ ಕಿವಿ ತೊಳೆಯಬೇಕು. ಕಿವಿ ತೊಳೆದರೆ ಇಷ್ಟು ವರ್ಷ ನಾವು ಅದರೊಳಗೆ ಹಾಕಿದ್ದೆಲ್ಲ ನಮ್ಮ ತಲೆಗೆ ವಾಪಸ್ಸು ಬರುತ್ತದೆ. ಬಂದಮೇಲೆ ಆ ಮನೆಯಲ್ಲಿ ಅಣ್ಣ ಅತ್ತಿಗೆ ಒಟ್ಟಿಗೆ ಇರುತ್ತಾರೋ ಇಲ್ಲವೋ ಯಾರು ಬಲ್ಲರು?

ಅವತ್ತು ಮನೆಯಲ್ಲಿ ದೊಡ್ಡ ಪಂಚಾಯ್ತಿಯೇ ಆಯಿತು. ಮೊದಲು ಬಾಯಿಬಿಟ್ಟವನು ಅಣ್ಣ.

"ಬೇಡ ಸರಸು. ಏನಿದೆಯೋ ಏನೋ. ಚೆನ್ನಾಗಿದೀವಿ. ಯಾಕೆ ಕೆದಕೋದು?"

"ಬೆಲ್ಲಿ ಚೆನ್ನಾಗಿಲ್ಲವಲ್ರೀ."

"ಇನ್ನೊಂದು ಬೆಕ್ಕು ತರೋಣ" ಎಂದ ಅಣ್ಣ. ಅಂದವನು ಅತ್ತಿಗೆಯ ಮುಖ ನೋಡಿ ಆ ಮಾತನ್ನು ಅಲ್ಲೇ ನುಂಗಿಕೊಂಡ.

ಅಷ್ಟರಲ್ಲಿ ಪಕ್ಕದ ಮನೆಯ ಈರಭದ್ರಪ್ಪ ಕರೆಯದೇ ಬಂದು ಜಗಲಿಯ ಮೇಲೆ ಕೂತರು. ಇವರು ಊರಿಗೆ ಬೇಕಾದವರು. ಹಿಂದೊಂದು ಸಲ ಕೆರೆಯಲ್ಲಿ ಮುಳುಗುತ್ತಿದ್ದ ಎಮ್ಮೆಯನ್ನು ಈಜಿ ಹೋಗಿ ಬದುಕಿಸಿ ದಡಕ್ಕೆ ತಂದವರೆಂದು ಎಲ್ಲ ಸಭೆಯಲ್ಲೂ ಇವರಿಗೆ ಶಾಲು ಹೊದಿಸುತ್ತಾರೆ. ಮನೆಯಲ್ಲಿ ಬೆಕ್ಕು ಸಾಕಿಲ್ಲ, ನಮ್ಮ ಬೆಲ್ಲಿಗೇ ಆಗಾಗ ಒಣಮೀನು ತಂದು ಹಾಕುತ್ತಾರೆ. ಮುಚ್ಚಿಡೋದಿದ್ರೆ ತಾನೇ ಬೆಕ್ಕು ಬೇಕಾಗೋದು, ನನ್ನ ಮನಸ್ಸು ಬಾಗಿಲಿಲ್ಲದ ಮನೆ ಎಂದು ಹೇಳಿಕೊಂಡು ತಿರುಗುವ ಆಸಾಮಿ.

"ಕಿವಿ ತೊಳೆಸ್ತಾರಂತೆ ಕಿವಿ! ಊರಿಗೆ ಊರೇ ಹಾಳಾಗಿ ಹೋಗುತ್ತೆ" ಎಂದು ಕೂಗಾಡಿದರು. "ನಾನಂತೂ ಬಿಡೋದಿಲ್ಲ."

"ನಿಮ್ಗೇನು ಈರಭದ್ರಪ್ಪನೋರೆ? ನಿಮ್ಮನೇಲಿ ಬೆಕ್ಕೇ ಇಲ್ಲ" ಎಂದೆ ನಾನು.

"ಅದೇ ನಂಗೂ ಗೊತ್ತಾಗ್ತಿಲ್ಲ ಕಣಮ್ಮ. ಯಾಕೋ ಎದೆ ಡವಗುಟ್ತಾ ಇದೆ" ಎಂದು ಎದೆ ಉಜ್ಜಿಕೊಂಡರು.

ಅತ್ತಿಗೆ ಇದೆಲ್ಲ ಕೇಳುತ್ತಾ ಬೆಲ್ಲಿಯ ಬೆನ್ನು ಸವರುತ್ತಿದ್ದಳು. ಅದು ನಿದ್ದೆಯಲ್ಲೂ ಕಾಲೆತ್ತಿ ಗಾಳಿಯನ್ನು ಕೆರೆಯುತ್ತಿತ್ತು. ಆಮೇಲೆ ಅವಳು ತಲೆಯೆತ್ತಿ, ನಾನು ಆವರೆಗೆ ಕೇಳದ ದನಿಯಲ್ಲಿ ಹೇಳಿದಳು: "ನಮ್ದನ್ನೆಲ್ಲ ಇದರ ತಲೆಗೆ ತುರುಕಿ ನಾವು ಆರಾಮಾಗಿ ನಿದ್ದೆ ಮಾಡಿದ್ವಿ. ಇದರ ಕಿವಿ ಏನಾಗಿದೆ ಅಂತ ಒಬ್ರೂ ನೋಡ್ಲಿಲ್ಲ. ನಂಗೂ ಹೆದರಿಕೆ ಆಗುತ್ತೆ. ನಿಮಗೆ ನಾನು ಏನು ಮಾಡಿದೀನೋ, ಗೊತ್ತಾದ್ಮೇಲೆ ನೀವು ನನ್ನ ಮನೇಲಿ ಇಟ್ಕೋತೀರೋ ಇಲ್ವೋ. ಆದ್ರೂ ಡಾಕ್ಟ್ರು ಬರ್ಲಿ."

ಅವ್ವ, "ಬರೋರಿಗೆ ಕಾಫಿ ನೀನೇ ಮಾಡು ಇಂದ್ರಿ, ಇವಳ ಕಾಫಿ ಕುಡಿದ್ರೆ ಆ ಹುಡುಗಿ ವಾಪಸ್ ಓಡಿಹೋಗ್ತಾಳೆ" ಎಂದಳು. ಅದು ಅವಳ ಒಪ್ಪಿಗೆ.

ಮರುದಿನ ಬೆಳಿಗ್ಗೆ ಡಾಕ್ಟರು ಬ್ಯಾಗು ಹಿಡಿದು ಮನೆಗೇ ಬಂದರು. ಬೀದಿಯಲ್ಲಿ ಜನ ಸೇರಿದ್ದರು. ಒಳಗೆ ಬರುವ ಧೈರ್ಯವಿಲ್ಲ, ಹೋಗುವ ಮನಸ್ಸಿಲ್ಲ. ಅತ್ತಿಗೆ ಬೆಲ್ಲಿಯನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ, ತಲೆಯಷ್ಟೇ ಹೊರಗಿರುವಂತೆ ಅಪ್ಪಿ ಹಿಡಿದು ಚಾಪೆಯ ಮೇಲೆ ಕೂತಳು. ಅಣ್ಣ ಕಂಬ ಹಿಡಿದು ನಿಂತ. ನಾನು ಬಾಗಿಲ ಹತ್ತಿರ ಮೈಯೆಲ್ಲ ಬಿಗಿ ಹಿಡಿದು ಕೂತೆ. ಏನೇನು ಬರುತ್ತದೋ, ಎಂಥೆಂಥ ಪಾಪ ನನ್ನದಿದೆಯೋ! ಹೊಸ ಸೀರೆಯನ್ನೂ ಉಟ್ಟಿದ್ದೆ, ಏನೇ ಬಂದರೂ ನೆಟ್ಟಗೆ ಕಾಣಬೇಕೆಂದು.

ಡಾಕ್ಟರು ಎಡಗಿವಿಗೆ ಎಣ್ಣೆಯಂಥ ದ್ರವ ಬಿಟ್ಟು ಬುಡವನ್ನು ಮೆಲ್ಲಗೆ ಒತ್ತಿ ಒತ್ತಿ ತಿಕ್ಕಿದರು. ಒಳಗೆ ಪಚಪಚ ಸದ್ದು. ಬೆಲ್ಲಿ ಗುರ್ರೆಂದಿತು. ಕೈ ಬಿಟ್ಟಕೂಡಲೇ ತಲೆ ಒದರಿತು, ಕಪ್ಪು ಹನಿ ಡಾಕ್ಟರ ಕೋಟಿಗೆಲ್ಲ ಹಾರಿತು. ಅವರು ಹತ್ತಿಯಿಂದ ಒರೆಸಿದರು. ಹತ್ತಿ ಕಾಫಿ ಸೋಸಿದ ಬಟ್ಟೆಯಂತಾಯಿತು.

"ಅಯ್ಯೋ!" ಎಂದು ಅವ್ವ ಹೊಸ್ತಿಲಲ್ಲಿ ತಲೆ ಹಿಡಿದುಕೊಂಡಳು.

"ಏನವ್ವ? ಏನು ಬಂತು?"

"ಬಂತಲ್ಲೇ ಹಾಳಾದ್ದು! ಇವಳ ಮಸ್ಸೊಪ್ಪು ನಂದಕ್ಕಿಂತ ಚೆನ್ನಾಗಿರುತ್ತೆ ಕಣೆ. ಬಂದ ವಾರದಲ್ಲೇ ಗೊತ್ತಾಗಿತ್ತು ನಂಗೆ. ಹಿಂಗೇ ಗೊತ್ತಿದ್ರೆ ಇನ್ನು ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ ಅಂತ ಬೆಕ್ಕಿಗೆ ಹೇಳಿದ್ದೆ. ಪ್ರತಿ ಸಲ ತಿಂದಾಗ್ಲೂ ಗೊತ್ತಾಗೋದು, ಪ್ರತಿ ಸಲಾನೂ ಹೇಳಿದೀನಿ. ಈಗ ಎಲ್ಲ ಒಟ್ಟಿಗೇ ಬಂತಲ್ಲೇ!" ಎಂದು ಹೋ ಎಂದು ಅತ್ತಳು. ವರ್ಷಗಟ್ಟಲೆಯ ರುಚಿ ಒಂದೇ ಸಲಕ್ಕೆ ಬಾಯಿಗೆ ಬಂದರೆ ಪಾಪ ಮುದುಕಿ ಹೇಗೆ ತಡೆದುಕೊಂಡಾಳು?

ಡಾಕ್ಟರು ಇನ್ನೊಂದು ಹತ್ತಿ ಹಾಕಿದರು. ಈ ಸಲ ಕೂಗು ಹೊರಗಿನಿಂದ ಬಂತು. ಬೀದಿಯಲ್ಲಿ ನಿಂತಿದ್ದ ಈರಭದ್ರಪ್ಪನವರು ಹೆಗಲ ಶಾಲನ್ನು ಕಿತ್ತು ಹಿಡಿದುಕೊಂಡು, "ಎಮ್ಮೆ! ಎಮ್ಮೆ ನನ್ನ ಎಳ್ಕೊಂಡು ಬಂದಿದ್ದು! ನಂಗೆ ಈಜು ಬರಲ್ಲ! ಬಾಲ ಹಿಡ್ಕೊಂಡು ಬಂದೆ!" ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಬೆಕ್ಕು ಸಾಕದ ಮಹಾನುಭಾವ ಒಣಮೀನು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬರುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯಿತು. ಗುಂಪಿನಲ್ಲಿ ಯಾರೋ, ಹಾಗಾದರೆ ಶಾಲು ಎಮ್ಮೆಗೆ ಹೊದಿಸಬೇಕಿತ್ತು ಎಂದರು. ಬೀದಿ ಬಿದ್ದು ಬಿದ್ದು ನಕ್ಕಿತು, ಈರಭದ್ರಪ್ಪನವರೂ ಸ್ವಲ್ಪ ಹೊತ್ತಾದ ಮೇಲೆ ನಕ್ಕರು.

ಎಡಗಿವಿ ಮುಗಿದು ಬಲಗಿವಿ ಶುರುವಾಯಿತು. ನಾನು ಕಾದೆ. ಪೋಸ್ಟಿಗೆ ಕಾದಂತೆ ಕಾದೆ. ನನಗೆ ಏನೂ ಬರಲಿಲ್ಲ. ಯಾವತ್ತೋ ಒಂದು ಹಬ್ಬದಲ್ಲಿ ಕದ್ದು ತಿಂದ ಒಬ್ಬಟ್ಟು ಕೂಡ ಬರಲಿಲ್ಲ. ಅಂದರೆ ಇಷ್ಟು ವರ್ಷ ಬಾಳಿ ಬೆಕ್ಕಿಗೆ ಹೇಳುವಂಥದ್ದು ನನ್ನದೊಂದೂ ಇರಲಿಲ್ಲ! ಹೊಸ ಸೀರೆ ಉಟ್ಟು ಕೂತದ್ದಕ್ಕೆ ನನಗೇ ಅವಮಾನವಾಯಿತು. ಯಾರ ಕಣ್ಣಿಗೂ ಬೀಳದ ಹಾಗೆ ಸೆರಗು ಸರಿಮಾಡಿಕೊಂಡೆ.

ಬಲಗಿವಿಯ ಕೊಳೆ ಗಟ್ಟಿಯಾಗಿತ್ತು. ಡಾಕ್ಟರು ಮತ್ತೆ ಮತ್ತೆ ದ್ರವ ಬಿಟ್ಟು ನೆನೆಸಿ ತಿಕ್ಕಿದರು. ಕೊನೆಗೆ ಒಂದು ಗಂಟು ಸಡಿಲವಾಗಿ ಹತ್ತಿಗೆ ಬಂತು. ಬೆಲ್ಲಿ ದೊಡ್ಡದಾಗಿ ಉಸಿರು ಬಿಟ್ಟಿತು. ಅದೇ ಗಳಿಗೆಗೆ ಅಣ್ಣ ಕಂಬಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟ. ಅತ್ತಿಗೆ ಬೆಲ್ಲಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು.

ಡಾಕ್ಟರು ಔಷಧಿ ಬಿಟ್ಟು, ಸೀಸೆ ನನ್ನ ಕೈಗೆ ಕೊಟ್ಟು, ದಿನಾ ಹೇಗೆ ಹಾಕಬೇಕೆಂದು ಹೇಳಿ, ಊರಿನ ಎಲ್ಲ ಬೆಕ್ಕುಗಳನ್ನೂ ನೋಡಬೇಕಾಗುತ್ತದೆಂದು ಹೊರಗಿದ್ದವರಿಗೆ ಸಾರಿದರು. ಬೀದಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಖಾಲಿಯಾಯಿತು. ಡಾಕ್ಟರೂ ಹೊರಟರು. ಅವ್ವ ಮೂಗೊರೆಸಿಕೊಳ್ಳುತ್ತ ಒಳಗೆ ಹೋದಳು. ನಾನು ಹೋಗಬೇಕಿತ್ತು, ಹೋಗಲಿಲ್ಲ. ಅತ್ತಿಗೆಯನ್ನು ಒಬ್ಬಳನ್ನೇ ಬಿಡಲು ಮನಸ್ಸಾಗಲಿಲ್ಲ.

ಮೊದಲು ಮಾತಾಡಿದ್ದು ಅತ್ತಿಗೆ. "ನಾನು ನಿಮ್ಮನ್ನ ಬಿಟ್ಟು ಹೋಗಿದ್ದೆ."

ಅಣ್ಣ ತಲೆ ಎತ್ತಿದ.

"ಮದುವೆಯಾದ ಮಾರನೇ ವರ್ಷ. ಅತ್ತೇನೂ ಇಂದ್ರಿನೂ ನಾಮಕರಣಕ್ಕೆ ಅಂತ ಊರಿಗೆ ಹೋಗಿದ್ರು. ಇಡೀ ದಿನ ಆ ಪೀಪಿ ಊದ್ತಾ ಕೂತಿರೋರು ನೀವು, ನನ್ ಜೊತೆ ಒಂದು ಮಾತಿಲ್ಲ. ಗೋಡೆ ಜೊತೆ ಎಷ್ಟು ದಿನ ಬಾಳೋದು ಅಂತ ಟ್ರಂಕ್ ತಗೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಅಪ್ಪನ ಮನೇಗೆ, ಇನ್ನು ಬರೋದೇ ಬೇಡ ಅಂತ. ಬಸ್ಸಲ್ಲಿ ಮುಂದೆ ಕೂತಿದ್ದೆ. ಕಿಟಕೀಲಿ ನೋಡ್ತೀನಿ, ನೀವು ಪೀಪಿ ಕಂಕುಳಲ್ಲಿ ಇಟ್ಕೊಂಡು ಮನೆ ಕಡೆ ಓಡ್ತಾ ಇದೀರ. ನನ್ನ ಹುಡುಕ್ಕೊಂಡು ಬಂದು, ಕೂಗೋಕೆ ಬಾಯಿ ಬರದೆ ವಾಪಸ್ ಹೋಗ್ತಿದ್ದಾರೆ ಅಂದ್ಕೊಂಡೆ. ಕರುಳು ಕಿತ್ತು ಬಂತು. ಇಳಿದುಬಿಟ್ಟೆ. ಹಿಂದಿನ ಬೀದೀಲಿ ಬಂದು ಒಲೆ ಹಚ್ಚಿದೆ. ಇಂಥೋರನ್ನ ಬಿಟ್ಟು ಹೊರಟಿದ್ದೆನಲ್ಲ ಅಂತ ತಡ್ಕೊಳ್ಳೋಕೆ ಆಗ್ದೆ ಬೆಲ್ಲಿಗೆ ಹೇಳಿದೆ." ಅವಳು ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಅದಕ್ಕೇ ನಿಮ್ಮನ್ನ ನೋಡಿದ್ರೆ ಹಂಗಾಗ್ತಿದ್ದಿದ್ದು. ಈಗ ಏನು ಮಾಡ್ತೀರೋ ಮಾಡಿ."

ಅಣ್ಣ ಕಂಬವನ್ನು ಉಗುರಿನಿಂದ ಕೆರೆಯತೊಡಗಿದ.

"ನಾನು ಹುಡುಕ್ಕೊಂಡು ಬಂದಿರ್ಲಿಲ್ಲ ಸರಸು."

"ಮತ್ತೆ?"

"ನಾನೂ ಹೊರಟಿದ್ದೆ. ನಾಟಕದ ಕಂಪನಿಯೋರು ಕ್ಲಾರಿನೆಟ್ ಊದೋಕೆ ಕರೆದಿದ್ರು. ನಾನು ಊದಿದಾಗೆಲ್ಲ ನೀನು ಕಿವಿಗೆ ಹತ್ತಿ ಇಟ್ಕೊಳ್ತಿದ್ದೆ. ಇವಳಿಗೆ ನಾನೂ ಬೇಡ, ನನ್ನ ವಾದ್ಯಾನೂ ಬೇಡ, ಇದ್ದೇನು ಪ್ರಯೋಜನ ಅಂತ ಹೇಳದೆ ಕೇಳದೆ ಹೋಗಿ ಬಸ್ ಹತ್ತಿದೆ. ಹಿಂದಿನ ಸೀಟು. ಮುಂದೆ ನೋಡ್ತೀನಿ, ನೀನು ಕೂತಿದೀಯ. ನಾನು ಹೋಗ್ತಿರೋದು ಗೊತ್ತಾಗಿ ನನ್ ಜೊತೆಗೇ ಬಂದುಬಿಡೋಕೆ ಟ್ರಂಕ್ ತಗೊಂಡು ಬಂದಿದಾಳೆ ಅಂದ್ಕೊಂಡೆ. ನಾಚಿಕೆ ಆಯ್ತು. ಹಿಂದಿನ ಬಾಗಿಲಲ್ಲಿ ಇಳಿದು, ನಾನಿಲ್ಲ ಅಂತ ಗೊತ್ತಾಗಿ ನೀನು ವಾಪಸ್ ಬರೋದ್ರೊಳಗೆ ಮನೇಲಿರೋಣ ಅಂತ ಓಡಿದೆ. ಆಮೇಲೆ ನಾನೂ ಬೆಲ್ಲಿಗೆ ಹೇಳಿಬಿಟ್ಟೆ."

ಅಡುಗೆಮನೆಯಲ್ಲಿ ಅವ್ವನ ಅಳುವೂ ನಿಂತಿತ್ತು. ಅವಳೂ ಕಿವಿಗೊಟ್ಟು ಕೇಳುತ್ತಿದ್ದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಮಾದರಿಯಾಗಿದ್ದ ಸಂಸಾರ ನಿಂತದ್ದು ಇದರ ಮೇಲೆ! ಯಾರೂ ಯಾರನ್ನೂ ಕರೆಯಲು ಬಂದಿರಲಿಲ್ಲ.

"ನೀವು ಹೋಗ್ತಿರೋದು ನೋಡಿ ನಾನಿಳಿದೆ" ಎಂದಳು ಅತ್ತಿಗೆ, ತನಗೆ ತಾನೇ ಹೇಳಿಕೊಂಡಂತೆ.

"ನೀನು ಕೂತಿರೋದು ನೋಡಿ ನಾನಿಳಿದೆ" ಎಂದ ಅಣ್ಣ.

ಬೆಲ್ಲಿ ಅವಳ ಮಡಿಲಲ್ಲಿ ಟವೆಲ್ಲಿನಿಂದ ಕೈಕಾಲು ಬಿಡಿಸಿಕೊಂಡು, ಎಷ್ಟೋ ದಿನದ ಮೇಲೆ ಕೆರೆದುಕೊಳ್ಳದೆ ಮುದುಡಿ ಮಲಗಿತು. ಅಣ್ಣ ಅದನ್ನು ನೋಡಿದ. ಇಂಥ ಸಂಗತಿಯನ್ನು ಎದೆಯಲ್ಲಿಟ್ಟುಕೊಂಡು ಕೂತು ಅವನಿಗೆ ಅಭ್ಯಾಸವಿಲ್ಲ, ಉಸಿರು ಕಟ್ಟಿದವನಂತೆ ಒದ್ದಾಡುತ್ತಿದ್ದ.

"ಸರಸು, ಕೆಳಗಿನ ಬೀದೀಲಿ ಬೆಕ್ಕುಗಳಿವೆ. ಅವಕ್ಕಿನ್ನೂ ತೊಳೆದಿಲ್ಲ. ಹೋಗಿ ಇಬ್ರೂ ಹೇಳಿಬಿಟ್ಟು ಬರೋಣ್ವಾ? ಮೊದಲಿನ ಹಂಗೇ ಇರ್ಬಹುದು."

ಅತ್ತಿಗೆ ಯೋಚನೆ ಮಾಡಿದಳು. ಕೂದಲಿಲ್ಲದ ಆ ಕಿವಿಯ ಸುತ್ತ ಬೆರಳಾಡಿಸುತ್ತ ಚೆನ್ನಾಗಿಯೇ ಯೋಚನೆ ಮಾಡಿದಳು.

"ನೀವು ಬೇಕಾದ್ರೆ ಹೋಗಿ ಬನ್ನಿ. ನಾನು ಇಟ್ಕೋತೀನಿ. ನಂಗಿದು ಬೇಕು."

ಅಣ್ಣ ಎದ್ದ. ಬಾಗಿಲವರೆಗೆ ಹೋಗಿ ಚಪ್ಪಲಿ ಮೆಟ್ಟಿದ. ಹೊಸ್ತಿಲಾಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟುಕೊಂಡು ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಅವಳ ಪಕ್ಕ ಕೂತ. "ಆ ಹತ್ತಿ," ಎಂದ, "ಅಷ್ಟು ಕೆಟ್ಟದಾಗಿ ಊದ್ತಿದ್ನಾ?"

"ಹೂಂ" ಎಂದಳು ಅತ್ತಿಗೆ.